ಒಣಗಿದಷ್ಟೂ ಬಿಗಿಯುವ ಪಟ್ಟಿ

ನಾನು ಬೆಳೆದ ಮನೆಯಲ್ಲಿ ಒಬ್ಬರು ಖಾಯಂ ನೆಂಟರಿದ್ದರು. ಕಟ್ಟಡದ ವಾಚ್‌ಮನ್ ಕೇಳಿದರೆ, ಮುನಿಸಿಪಾಲಿಟಿಯವರು ಬಾಗಿಲು ತಟ್ಟಿದರೆ, ಶಾಲೆಯ ಗೆಳತಿಯರು ಒಳಗೆ ಇಣುಕಿದರೆ ಏನು ಹೇಳಬೇಕೆಂದು ಅಮ್ಮ ನನಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದಳು.

"ಯಾರು ಕೇಳಿದ್ರೂ ಗೆಸ್ಟ್ ಅಂತ ಹೇಳು. ನಿನ್ನೆ ಬಂದದ್ದು, ನಾಳೆ ಹೋಗ್ತಾರೆ ಅಂತ ಹೇಳು. ಜಾಸ್ತಿ ಮಾತಾಡ್ಲಿಕ್ಕೆ ಹೋಗ್ಬೇಡ, ಆಯ್ತಾ?"

ನಿನ್ನೆ ಬಂದು ನಾಳೆ ಹೋಗಬೇಕಾಗಿದ್ದ ಆ ನೆಂಟರು ನಾನು ಎಲ್‌ಕೆಜಿಯಲ್ಲಿದ್ದಾಗ ಬಂದು ಆರನೆಯ ಕ್ಲಾಸಿನವರೆಗೂ ಇದ್ದರು. ಅಬುಧಾಬಿಯ ಹಳೆಯ ಪೇಟೆಯಲ್ಲಿ, ಕೆಳಗೆ ಕೆಫೆಟೇರಿಯಾ ಮತ್ತು ಲಾಂಡ್ರಿ ಇದ್ದ ಕಟ್ಟಡದ ನಾಲ್ಕನೆಯ ಮಾಳಿಗೆಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು ನಮ್ಮದು. ಅಪ್ಪ ಔಷಧಿ ಗೋದಾಮೊಂದರಲ್ಲಿ ಸೂಪರ್‌ವೈಸರ್, ಅಮ್ಮ ಮನೆಯಲ್ಲಿ. ಆ ಸಂಬಳಕ್ಕೆ ಅದು ಮೀರಿದ ಮನೆ. ಹಾಗಾಗಿ ಒಂದು ರೂಮನ್ನು ಶೇರಿಂಗ್‌ಗೆ ಕೊಡುತ್ತಿದ್ದೆವು. ಆಗ ಅದು ಕಾನೂನು ಒಪ್ಪದ, ಆದರೂ ಎಲ್ಲರೂ ಮಾಡುತ್ತಿದ್ದ, ಯಾರೂ ಒಪ್ಪಿಕೊಳ್ಳದ ಕೆಲಸ. ಮೇಲಿನ ಮಾಳಿಗೆಯ ಮಂಗಳೂರಿನ ಕೊಂಕಣಿಯವರ ಮನೆಯಲ್ಲಿ ಮೂವರು ನರ್ಸುಗಳು 'ಕಸಿನ್' ಆಗಿದ್ದರು. ಅವರದು ನಮಗೆ ಗೊತ್ತಿತ್ತು, ನಮ್ಮದು ಅವರಿಗೆ ಗೊತ್ತಿತ್ತು. ಲಿಫ್ಟಿನಲ್ಲಿ ಎದುರಾದರೆ ಎರಡೂ ಕಡೆಯವರು ಸೆಕೆಯ ಬಗ್ಗೆ ಮಾತಾಡುತ್ತಿದ್ದೆವು.

ಅಮ್ಮನಿಗೆ ಮೊದಲು ನಮ್ಮ ಊರಿನವರೇ ಬಾಡಿಗೆಗೆ ಬೇಕಿತ್ತು. ಉಡುಪಿ ಕಡೆಯ ಒಂದು ಜೋಡಿ ಬಂದು ಆರು ತಿಂಗಳು ಇದ್ದು ಹೋದ ಮೇಲೆ ಅವಳ ಮನಸ್ಸು ಬದಲಾಯಿತು. ನಮ್ಮ ಮನೆಯ ಫ್ರಿಜ್ಜು ಸೆಕೆಂಡ್ ಹ್ಯಾಂಡ್ ಎನ್ನುವುದು, ಅಪ್ಪ ಅಮ್ಮ ರಾತ್ರಿ ಯಾವ ವಿಷಯಕ್ಕೆ ಜಗಳ ಆಡುತ್ತಾರೆ ಎನ್ನುವುದು, ಎಲ್ಲವೂ ಕಾಪುವಿನ ನನ್ನ ಸೋದರತ್ತೆಯ ಕಿವಿಗೆ ಮುಟ್ಟಿತ್ತು. ಆಗ ಅಪ್ಪನ ಪರಿಚಯದ ಕರ್ಟನ್ ಅಂಗಡಿಯವರು ತಮ್ಮಲ್ಲಿ ಹೊಲಿಗೆ ಮಾಡುವ ಒಬ್ಬ ಚೀನೀ ಹೆಂಗಸಿಗೆ ರೂಮು ಬೇಕು ಎಂದರು. ಅಪ್ಪ ಹಿಂದೆಮುಂದೆ ನೋಡಿದ. ಒಪ್ಪಿಗೆ ಕೊಟ್ಟದ್ದು ಅಮ್ಮ.

"ಬರ್ಲಿ ಬಿಡಿ. ಅವಳು ನಮ್ಮ ಸುದ್ದಿಯನ್ನು ಯಾರಿಗೆ ಹೇಳ್ತಾಳೆ? ಹೇಳಿದ್ರೂ ಯಾರಿಗೆ ಅರ್ಥ ಆಗ್ತದೆ?"

ಹೀಗೆ ಲಿನ್ ಆಂಟಿ ಬಂದರು. ಒಂದು ಸೂಟ್‌ಕೇಸು, ಒಂದು ಅನ್ನದ ಕುಕ್ಕರು, ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಪುಟ್ಟ ಮರದ ಗೊಂಬೆ. ವಯಸ್ಸು ಅಮ್ಮನಿಗಿಂತ ಸ್ವಲ್ಪ ಹೆಚ್ಚಿರಬೇಕು. ಅಂಗಡಿಯಲ್ಲಿ ಕಲಿತ ಹಿಂದಿ, ಅರಬ್ಬಿ, ಇಂಗ್ಲಿಷುಗಳ ಮಿಶ್ರಣವೇ ಅವರ ಭಾಷೆ. ನಾನು ಕರೆಯುವುದನ್ನು ಕೇಳಿ ಕೇಳಿ ಅಪ್ಪ, ಅಮ್ಮ ಎನ್ನುವುದು ಈ ಗಂಡಹೆಂಡಿರ ಹೆಸರೆಂದು ತಿಳಿದುಕೊಂಡಿದ್ದರು. "ಅಪ್ಪಾ, ಗುಡ್ ಮಾರ್ನಿಂಗ್" ಎಂದು ಅವರು ಗಂಭೀರವಾಗಿ ಹೇಳಿದಾಗಲೆಲ್ಲ ನಾವು ಬಾಗಿಲು ಹಾಕಿಕೊಂಡು ನಗುತ್ತಿದ್ದೆವು. ತಿದ್ದುವ ಗೋಜಿಗೆ ಯಾರೂ ಹೋಗಲಿಲ್ಲ.

ಅಡುಗೆಮನೆಯಲ್ಲಿ ಅಮ್ಮ ಮೊದಲ ದಿನವೇ ಗಡಿ ಹಾಕಿದಳು. ಒಲೆಯ ಬಲಗಡೆಯ ಬರ್ನರು ನಮ್ಮದು, ಎಡಗಡೆಯದು ಅವರದು. ಫ್ರಿಜ್ಜಿನ ಕೆಳಗಿನ ತಟ್ಟೆ ಅವರದು, ಅದರಲ್ಲಿ ಹಂದಿ ಮಾಂಸ ಮಾತ್ರ ಇರಕೂಡದು. ಲಿನ್ ಆಂಟಿ ಎಲ್ಲದಕ್ಕೂ "ಮಾಫಿ ಮುಶ್ಕಿಲ್" ಎಂದರು, ತೊಂದರೆಯಿಲ್ಲ ಎನ್ನುವುದಕ್ಕೆ ಅರಬ್ಬಿ. ಅಮ್ಮನ ಮುಖ ಸಡಿಲವಾದದ್ದು ಒಂದು ಬೆಳಿಗ್ಗೆ. ಎಡಗಡೆಯ ಬರ್ನರಿನ ಮೇಲೆ ಅನ್ನ ಕರಗುವಷ್ಟು ಬೇಯುತ್ತಿತ್ತು. ಲಿನ್ ಆಂಟಿ ಅದನ್ನು ಬಟ್ಟಲಿಗೆ ಸುರಿದು, ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ಯಾವುದೋ ತರಕಾರಿ ಇಟ್ಟುಕೊಂಡು ನಿಂತಲ್ಲೇ ಕುಡಿಯತೊಡಗಿದರು. ಬಲಗಡೆ ಅಮ್ಮನ ಕುಚ್ಚಲಕ್ಕಿ ಗಂಜಿ, ಪಕ್ಕದಲ್ಲಿ ಮಾವಿನ ಮಿಡಿ. ಅಮ್ಮ ಆ ಬಟ್ಟಲನ್ನೂ ಈ ಬಟ್ಟಲನ್ನೂ ನೋಡಿದಳು.

"ಇವಳೂ ಗಂಜಿಯವಳೇ ಅಲ್ವಾ ಮಾರಾಯ್ರೆ!" ಎಂದು ಅಪ್ಪನಿಗೆ ಕೂಗಿ ಹೇಳಿದಳು.

ಅಂದಿನಿಂದ ಮಿಡಿ ಉಪ್ಪಿನಕಾಯಿಯ ಭರಣಿ ಗಡಿ ದಾಟಿತು. ಬಂಗುಡೆ ಪುಳಿಮುಂಚಿ ಮಾಡಿದ ದಿನ ಒಂದು ತುಂಡು ಎಡಗಡೆಗೆ ಹೋಗುತ್ತಿತ್ತು. ಶುಕ್ರವಾರ, ಆಗ ಇಲ್ಲಿ ವಾರದ ರಜೆ, ಅಮ್ಮ ತಲೆಗೆ ಎಣ್ಣೆ ಹಚ್ಚುವಾಗ ನನ್ನದಾದ ಮೇಲೆ ಲಿನ್ ಆಂಟಿಯದು. ಅಮ್ಮ ತುಳುವಿನಲ್ಲಿ ಅತ್ತಿಗೆಯನ್ನು ಬೈಯುತ್ತಿದ್ದಳು, ಅವರು ತಮ್ಮ ಭಾಷೆಯಲ್ಲಿ ಯಾರನ್ನೋ ಬೈಯುತ್ತಿದ್ದರು. ಇಬ್ಬರಿಗೂ ಹೊಟ್ಟೆ ಹಗುರವಾಗುತ್ತಿತ್ತು. ಆದರೆ ಬೆಲ್ಲು ಹೊಡೆದರೆ ಸಾಕು, ಅಮ್ಮ ಒಂದು ನೋಟ ನೋಡುತ್ತಿದ್ದಳು. ಲಿನ್ ಆಂಟಿ ಎಣ್ಣೆ ತಲೆಯಲ್ಲೇ ಎದ್ದು ತಮ್ಮ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೊರಗಿದ್ದ ಅವರ ಚಪ್ಪಲಿಯನ್ನು ಒಳಗೆ ದೂಡುವುದು ನನ್ನ ಕೆಲಸ. ಅಷ್ಟು ಚಿಕ್ಕವಳಿಗೂ ಹಾಗೆ ಬಚ್ಚಿಡುವುದರಲ್ಲಿ ಒಂದು ಕೊಳಕು ಇದೆ ಎಂದು ಗೊತ್ತಾಗುತ್ತಿತ್ತು, ಕೈಯಿಂದ ಮುಟ್ಟದೆ ಕಾಲಿನಿಂದ ದೂಡುತ್ತಿದ್ದೆ.

ನಮ್ಮ ಮನೆಯ ಎರಡನೆಯ ನಾಚಿಕೆ ಅಪ್ಪನ ಸ್ತ್ರೀವೇಷ. ಇದು ಅಮ್ಮನದಲ್ಲ, ನನ್ನದು. ಅಪ್ಪ ಅಬುಧಾಬಿಯ ನಮ್ಮವರ ಹವ್ಯಾಸಿ ಯಕ್ಷಗಾನ ತಂಡದಲ್ಲಿ ವರ್ಷವರ್ಷವೂ ರಾಣಿ. ಕಾಡಿಗೆ ಹೋದ ರಾಣಿ, ಸ್ವಯಂವರದ ರಾಣಿ, ಮಗನನ್ನು ಕಳೆದುಕೊಂಡ ರಾಣಿ. ಊರಿನಲ್ಲಿದ್ದಾಗ ಮೇಳಕ್ಕೆ ಸೇರಬೇಕೆಂದು ಹೊರಟವನನ್ನು ಅಜ್ಜ ಕಿವಿ ಹಿಡಿದು ಗಲ್ಫಿನ ವಿಮಾನ ಹತ್ತಿಸಿದ್ದರಂತೆ. ಗೋದಾಮಿನಲ್ಲಿ ದಿನವಿಡೀ ಪೆಟ್ಟಿಗೆಗಳ ನಡುವೆ ಬೆವರುವ ಮನುಷ್ಯ ಆ ಒಂದು ದಿನಕ್ಕಾಗಿ ವರ್ಷವಿಡೀ ಬದುಕುತ್ತಿದ್ದ ಎಂದರೆ ಹೆಚ್ಚಲ್ಲ. ನೋಡಿದವರೆಲ್ಲ ಹೇಳುತ್ತಿದ್ದುದು ಅವನ ಕಣ್ಣುಗಳ ಬಗ್ಗೆ. ತಂಡದ ಸೆಕ್ರೆಟರಿ ಸಂಜೀವಣ್ಣ, ಇಲ್ಲಿಯ ಒಂದು ಟ್ರಾವೆಲ್ಸಿನ ಮಾಲೀಕರು, ಪ್ರತಿ ಸಲ ಮೈಕಿನಲ್ಲಿ ಹೇಳುತ್ತಿದ್ದರು: "ನಮ್ಮ ವಿಠಲಣ್ಣನ ಕಣ್ಣು ನೋಡಿದ್ರೆ ನಮ್ಮ ಹೆಂಗಸ್ರಿಗೇ ಹೊಟ್ಟೆಕಿಚ್ಚು!" ಸಭೆ ನಗುತ್ತಿತ್ತು. ನಾನು ಕುರ್ಚಿಯಲ್ಲಿ ಕೆಳಕ್ಕೆ ಜಾರುತ್ತಿದ್ದೆ. ಶಾಲೆಯಲ್ಲಿ ಗೆಳತಿಯರ ಅಪ್ಪಂದಿರು ಕ್ರಿಕೆಟ್ ಆಡುತ್ತಿದ್ದರು.

ಅಭ್ಯಾಸ ನಮ್ಮ ಹಾಲಿನಲ್ಲಿ. ಗುರುವಾರ ಸಂಜೆ ಸೋಫಾವನ್ನು ಗೋಡೆಗೆ ಒತ್ತಿ, ಕೆಳಗಿನ ಮನೆಯವರಿಗೆ ಸದ್ದು ಕೇಳದಿರಲೆಂದು ನೆಲಕ್ಕೆ ಕಂಬಳಿ ಹಾಸಿ, ಟೇಪ್ ರೆಕಾರ್ಡರಿನ ಚೆಂಡೆಗೆ ಅಪ್ಪ ಕುಣಿಯುತ್ತಿದ್ದ. ಲುಂಗಿ ಬನಿಯನ್ನಿನಲ್ಲೇ ರಾಣಿಯ ಲಾಲಿತ್ಯ. ಇಂಥ ಒಂದು ಸಂಜೆ ಲಿನ್ ಆಂಟಿ ರೂಮಿನಿಂದ ಹೊರಬಂದು ಬಾಗಿಲಲ್ಲೇ ನಿಂತುಬಿಟ್ಟರು. ಅಪ್ಪ ಬೆಚ್ಚಿ ನಿಂತ. ಲುಂಗಿ ಸರಿ ಮಾಡಿಕೊಂಡ. ಅವರು ಒಳಗೆ ಹೋಗಿ ಒಂದು ಬಿಳಿ ಅಂಗಿ ತೊಟ್ಟು ಬಂದರು. ಅದರ ತೋಳುಗಳು ಅವರ ಕೈಗಿಂತ ಎರಡು ಪಟ್ಟು ಉದ್ದ, ಅಂಗಡಿಯ ಕರ್ಟನ್ ಲೈನಿಂಗಿನ ಉಳಿಕೆಯಿಂದ ಹೊಲಿದದ್ದು. ಅವರು ಮಣಿಕಟ್ಟನ್ನು ಒಂದಿಷ್ಟು ಕೊಡವಿದರು. ಆ ಬಟ್ಟೆ ಎದ್ದು, ನಮ್ಮ ಟ್ಯೂಬ್‌ಲೈಟಿನವರೆಗೂ ಹೋಗಿ, ಮಡಿಕೆ ಮಡಿಕೆಯಾಗಿ ಅವರ ಅಂಗೈಗೇ ಮರಳಿ ಬಂತು. ನಾನು ಡೈನಿಂಗ್ ಟೇಬಲ್ಲಿನ ಮೇಲೆ ಕೂತಿದ್ದೆ. ಇವತ್ತಿಗೂ ಕಲೆ ಎಂದರೇನು ಎಂದು ಯಾರಾದರೂ ಕೇಳಿದರೆ ನನಗೆ ಆ ಟ್ಯೂಬ್‌ಲೈಟೇ ನೆನಪಾಗುತ್ತದೆ.

ಆಮೇಲೆ ನಿಧಾನವಾಗಿ ಕತೆ ಹೊರಬಿತ್ತು. ಅವರು ತಮ್ಮ ಜಿಲ್ಲೆಯ ಒಪೆರಾ ಮೇಳದಲ್ಲಿ ಹೆಣ್ಣು ಸೇನಾಪತಿಯ ಪಾತ್ರ ಮಾಡುತ್ತಿದ್ದವರು. ಚೀನೀ ಒಪೆರಾ ಎಂದರೆ ನಮ್ಮ ಯಕ್ಷಗಾನದ ಹಾಗೆ ಅದೂ ಒಂದು ಆಟವೇ. ಹಾಡು, ಕುಣಿತ, ಮಾತು, ಮುಖಕ್ಕೆ ಬಣ್ಣ, ತಲೆಗೆ ಭಾರ. ಜನ ಬರುವುದು ನಿಂತಿತು, ಮೇಳ ಮುಚ್ಚಿತು, ಅವರು ಕರ್ಟನ್ ಹೊಲಿಯಲು ಇಲ್ಲಿಗೆ ಬಂದರು. ಕೆಂಪು ಬಟ್ಟೆಯ ಆ ಮರದ ಗೊಂಬೆ ಅವರ ಮೇಳದ ದೇವರು. ಬಣ್ಣ ಹಚ್ಚುವ ಮೊದಲು ಅದಕ್ಕೆ ಕೈಮುಗಿಯಬೇಕು. ಅಪ್ಪನಿಗೆ ಇದನ್ನು ಕೇಳಿ ಕಣ್ಣಲ್ಲಿ ನೀರು ಬಂತು. ನಮ್ಮಲ್ಲೂ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ದೇವರಿಗೆ ಕೈಮುಗಿಯದೆ ಯಾರೂ ಕನ್ನಡಿ ಮುಟ್ಟುವುದಿಲ್ಲ. ಮುಂದಿನ ಗುರುವಾರ ಟಿವಿಯ ಮೇಲೆ ನಮ್ಮ ದೇವರ ಪಟದ ಪಕ್ಕ ಆ ಗೊಂಬೆಯೂ ಕೂತಿತ್ತು. ಅಮ್ಮ ಎರಡಕ್ಕೂ ಸೇರಿಸಿ ಊದುಕಡ್ಡಿ ಹಚ್ಚಿದಳು. ನಮ್ಮ ಮನೆಯಲ್ಲಿ ಸುಖ ಎನ್ನುವುದು ಇದ್ದರೆ ಅದು ಆ ಒಂದೆರಡು ವರ್ಷಗಳ ಗುರುವಾರಗಳಲ್ಲಿ ಇತ್ತು.

ವರ್ಷಕ್ಕೊಮ್ಮೆ, ಅವರ ಹೊಸ ವರ್ಷದ ದಿನ, ಲಿನ್ ಆಂಟಿ ರೂಮಿನಲ್ಲಿ ಪೂರ್ತಿ ವೇಷ ಕಟ್ಟಿ ಒಬ್ಬರೇ ಕೂತಿರುತ್ತಿದ್ದರು. ನಾನು ಆರನೆಯ ಕ್ಲಾಸಿನಲ್ಲಿದ್ದ ವರ್ಷ ನಮ್ಮನ್ನೂ ಕರೆದರು. ತಮ್ಮ ಮುಖಕ್ಕೆ ಬಿಳಿ ಹಚ್ಚಿದರು, ಕಣ್ಣಿನ ಸುತ್ತ ದಾಸವಾಳದ ಕೆಂಪು ತೀಡಿದರು. ಆಮೇಲೆ ಕಪ್ಪು ರೇಷ್ಮೆಯ ಒಂದು ತೆಳು ಪಟ್ಟಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಹಣೆಗೆ ಸುತ್ತಿ, ಹುಬ್ಬಿನ ತುದಿಗಳನ್ನು ಮೇಲಕ್ಕೆ ಎಳೆದು ತಲೆಯ ಹಿಂದೆ ಕಟ್ಟಿದರು. ನಮ್ಮ ಕಣ್ಣೆದುರೇ ಕರ್ಟನ್ ಹೊಲಿಯುವ ದಣಿದ ಹೆಂಗಸು ಹೋಗಿ, ಇಪ್ಪತ್ತರ ಸೇನಾಪತಿ ಕೂತಿದ್ದಳು. ಕಣ್ಣುಗಳು ಚೂಪಾಗಿ ಮೇಲಕ್ಕೆ ಹಾರಿದ್ದವು. ಅಪ್ಪ ಆ ಪಟ್ಟಿಯನ್ನೇ ನೋಡುತ್ತಿದ್ದ.

ಅವನು ಯಾಕೆ ಹಾಗೆ ನೋಡುತ್ತಿದ್ದ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗೆ ವಯಸ್ಸಾಗುತ್ತಿತ್ತು. ರೆಪ್ಪೆಗಳು ಜೋತುಬಿದ್ದಿದ್ದವು, ಕಣ್ಣಿನ ಕೆಳಗೆ ಚೀಲ ಬಂದಿತ್ತು. ರುವೈಸಿನ ರಿಫೈನರಿಗೆ ಹೊಸದಾಗಿ ಸೇರಿದ್ದ ಟೆಕ್ನಿಷಿಯನ್ ಒಬ್ಬ, ಬಳುಕುವ ಸೊಂಟದ, ಚೆಂದದ ಮುಖದ ಯುವಕ, ತಂಡಕ್ಕೆ ಬಂದಿದ್ದ. ಸಂಜೀವಣ್ಣ ಒಂದು ಸಂಜೆ ನಮ್ಮ ಮನೆಗೆ ಬಂದು, ಅಮ್ಮ ಕೊಟ್ಟ ಗೋಳಿಬಜೆ ತಿನ್ನುತ್ತಾ, ತಮಾಷೆಯಲ್ಲೇ ಹೇಳಿಬಿಟ್ಟರು.

"ವಿಠಲಣ್ಣ, ಈ ಸರ್ತಿ ನೀವೇ ಮಾಡಿ, ಆಯ್ತಾ. ಮುಂದಿನ ವರ್ಷ ಆ ಹುಡುಗನಿಗೆ ಬಿಟ್ಟುಕೊಟ್ಟು ನೀವು ರಾಣಿಯ ಅಜ್ಜಿ ವೇಷ ಮಾಡುವಾ. ಎಂತ ಹೇಳ್ತೀರಿ?"

ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಅವರು ಹೋದ ಮೇಲೆ ಬಾತ್‌ರೂಮಿನ ಕನ್ನಡಿಯ ಮುಂದೆ ಎರಡು ಬೆರಳಿನಿಂದ ಹುಬ್ಬು ಮೇಲಕ್ಕೆತ್ತಿ ನಿಂತಿದ್ದುದನ್ನು ನಾನು ಕಂಡೆ. ನನ್ನನ್ನು ಕಂಡು ಮುಖ ತೊಳೆಯುವವನ ಹಾಗೆ ಮಾಡಿದ.

ಆಟ ಶುಕ್ರವಾರ ಮಧ್ಯಾಹ್ನ, ಒಂದು ಶಾಲೆಯ ಸಭಾಂಗಣದಲ್ಲಿ. ಬಣ್ಣದ ಮನೆಯೆಂದರೆ ಎರಡನೆಯ ಕ್ಲಾಸಿನ ಮಕ್ಕಳ ಕೋಣೆ. ಗೋಡೆಯ ಮೇಲೆ ಎ ಫಾರ್ ಆಪಲ್, ಪುಟಾಣಿ ಕುರ್ಚಿಗಳ ಮೇಲೆ ರಾಜರು, ರಕ್ಕಸರು. ಅಪ್ಪನೇ ಕೇಳಿಕೊಂಡದ್ದರಿಂದ ಅವನ ತಲೆಗೆ ಆ ಪಟ್ಟಿ ಕಟ್ಟಲೆಂದು ಲಿನ್ ಆಂಟಿಯೂ ಬಂದಿದ್ದರು. ಕಾರಿನಲ್ಲಿ ಅಮ್ಮ ಅವರಿಗೂ ಹೇಳಿಕೊಟ್ಟಿದ್ದಳು, ಯಾರಾದರೂ ಕೇಳಿದರೆ ನೈಬರ್ ಎಂದು ಹೇಳಬೇಕೆಂದು. ಉಳಿದವರ ಕಣ್ಣಿಗೆ ಬೀಳದ ಹಾಗೆ ಮೂಲೆಯ ಕಪಾಟಿನ ಮರೆಯಲ್ಲಿ ಕೂತೆವು. ಕನ್ನಡಿ ಹಿಡಿದವಳು ನಾನು. ಲಿನ್ ಆಂಟಿ ಒದ್ದೆ ಪಟ್ಟಿಯನ್ನು ಸುತ್ತಿದರು, ಕಟ್ಟಿದರು. ಅಪ್ಪನ ಕಣ್ಣು ಒಂದಿಷ್ಟು ಎದ್ದಿತು. ಅಪ್ಪ ಕನ್ನಡಿ ನೋಡಿ ತಲೆಯಾಡಿಸಿದ.

"ಇನ್ನೂ ಸ್ವಲ್ಪ. ಟೈಟ್, ಟೈಟ್."

"ನೋ, ಅಪ್ಪಾ. ದಿಸ್ ವೆಟ್. ಅಭೀ ಲೂಸ್, ಡ್ರೈ ಹೋಗಾ ತೋ ಟೈಟ್. ವೆರಿ ಟೈಟ್. ಹೆಡ್ ಪೇನ್, ಆಲ್ ಔಟ್." ಹೊಟ್ಟೆಯಿಂದ ಬಾಯಿಯವರೆಗೆ ಕೈ ಎತ್ತಿ ತೋರಿಸಿದರು. ತಾವು ಮಗುವಾಗಿದ್ದಾಗಿನಿಂದ ದಿನದಿನವೂ ಕಟ್ಟಿ ಅಭ್ಯಾಸ ಮಾಡಿದ್ದೆಂದು, ನೆಲದಿಂದ ಇಷ್ಟೆತ್ತರಕ್ಕೆ ಕೈ ಹಿಡಿದು ವಿವರಿಸಿದರು.

"ಮಾಫಿ ಮುಶ್ಕಿಲ್. ಟೈಟ್ ಮಾಡು ನೀನು. ಯಲ್ಲಾ, ಬೇಗ."

ಅವರು ಬಿಚ್ಚಿ ಬಿಗಿಯಾಗಿ ಕಟ್ಟಿದರು. ಅಪ್ಪ ಮತ್ತೆ ಇನ್ನೂ ಸ್ವಲ್ಪ ಎಂದ. ಆ ಹೊತ್ತಿಗೆ ರುವೈಸಿನ ಯುವಕ ಬಣ್ಣದ ಮನೆಗೆ ಬಂದು ಎಲ್ಲರ ಕಾಲು ಮುಟ್ಟಿ ನಮಸ್ಕರಿಸುತ್ತಿದ್ದ. ಅಪ್ಪ ಅವನ ಕಡೆ ನೋಡಿದ, ಮತ್ತೆ ಕನ್ನಡಿ ನೋಡಿದ. ಲಿನ್ ಆಂಟಿಯ ಕೈಗಳಿಂದ ಪಟ್ಟಿಯ ತುದಿಗಳನ್ನು ಕಿತ್ತುಕೊಂಡು ತಾನೇ ಜಗ್ಗಿ ಹಿಡಿದು, ಗಂಟು ಹಾಕಲು ಮಾತ್ರ ಅವರಿಗೆ ಕೊಟ್ಟ. ಅವರು ಹಾಕಿದರು. ಅವರ ಮುಖ ಬಿಳಚಿಕೊಂಡಿತ್ತು. ಕನ್ನಡಿಯಲ್ಲಿ ಮಾತ್ರ ಇಪ್ಪತ್ತರ ರಾಣಿ.

ರಂಗಕ್ಕೆ ಬಂದಾಗ ಸಭೆ ನಿಜವಾಗಿಯೂ ಉಸಿರು ಬಿಗಿಹಿಡಿಯಿತು. ಸಂಜೀವಣ್ಣ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಪಕ್ಕ ಕೂತಿದ್ದ ಶಾಲೆಯ ಗೆಳತಿ "ಈಸ್ ದಟ್ ರಿಯಲಿ ಯುವರ್ ಡ್ಯಾಡ್?" ಎಂದು ಕೇಳಿದಳು. ನಾನು ಮೊದಲ ಬಾರಿಗೆ ಬೆನ್ನು ನೆಟ್ಟಗೆ ಮಾಡಿ ಕೂತು ಹೌದೆಂದೆ. ಆದರೆ ಇಲ್ಲಿಯ ಸಭಾಂಗಣಗಳ ಎಸಿ ಎಂದರೆ ಗೊತ್ತಲ್ಲ, ಹೊರಗಿನ ಬಿಸಿಲಿಗೆ ಸೇಡು ತೀರಿಸಿಕೊಳ್ಳುವ ಹಾಗೆ ಬೀಸುತ್ತಿರುತ್ತದೆ. ಆ ಒಣ ಗಾಳಿ ರಂಗದ ಮೇಲೇ ಬೀಳುತ್ತಿತ್ತು. ಮೊದಲ ಪದ್ಯ ಮುಗಿಯುವಷ್ಟರಲ್ಲಿ ಪಟ್ಟಿ ಒಣಗಿರಬೇಕು. ಕುಣಿತ ಮುಗಿಸಿ ಅರ್ಥ ಹೇಳಲು ನಿಂತ ಅಪ್ಪ "ನಾಥಾ" ಎಂದವನು ಮುಂದೆ ಹೇಳಲಿಲ್ಲ. ಭಾಗವತರು ಸಂಭಾಳಿಸಲೆಂದು ಪದ್ಯದ ಕೊನೆಯ ಸಾಲನ್ನು ಮತ್ತೆ ಎತ್ತಿದರು. ಅಪ್ಪ ತೂರಾಡಿ ಸಿಂಹಾಸನ ಹಿಡಿದುಕೊಂಡ. ಸೀರೆಯ ಸೆರಗಿಗೇ ವಾಂತಿ ಮಾಡಿದ.

ಕತ್ತಲ ಬದಿಯಿಂದ ಯಾರೋ ಓಡಿಬಂದರು. ಲಿನ್ ಆಂಟಿ. ಆ ಗಂಟು ಬಿಚ್ಚಲು ಅವರೊಬ್ಬರಿಗೇ ಗೊತ್ತಿದ್ದುದು. ಅಪ್ಪನ ತಲೆಯನ್ನು ತೊಡೆಗೆ ಒತ್ತಿಕೊಂಡು ಎರಡೂ ಕೈಗಳಿಂದ ಹೆಣಗಿ ಪಟ್ಟಿಯನ್ನು ಎಳೆದರು. ಅದರ ಜೊತೆ ಉದ್ದ ಜಡೆ, ಹೂವು, ಚಿನ್ನದ ಬೈತಲೆ, ಎಲ್ಲ ಕಿತ್ತುಬಂತು. ಸಭೆಗೆ ಕಂಡದ್ದು ಇಷ್ಟೇ. ಎಲ್ಲಿಂದಲೋ ಬಂದ ಒಬ್ಬ ಚೀನೀ ಹೆಂಗಸು ನಮ್ಮ ರಾಣಿಯ ಕೂದಲು ಕಿತ್ತು ಹಿಡಿದಿದ್ದಾಳೆ, ಕೆಳಗೆ ಲಿಪ್‌ಸ್ಟಿಕ್ಕು ಹಚ್ಚಿದ ಬೋಳು ತಲೆಯ ವಿಠಲಣ್ಣ. ಮಕ್ಕಳು ಮೊದಲು ನಕ್ಕರು, ಆಮೇಲೆ ದೊಡ್ಡವರು. ಪರದೆ ಎಳೆದರು. ಪಕ್ಕದಲ್ಲಿದ್ದ ಗೆಳತಿ ನಗುವನ್ನು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಅದು ನಕ್ಕದ್ದಕ್ಕಿಂತ ಹೆಚ್ಚು ಚುಚ್ಚಿತು.

ಬಣ್ಣದ ಮನೆಯಲ್ಲಿ ಅಪ್ಪ ಪುಟಾಣಿ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಸಂಜೀವಣ್ಣ ಏನಾಯಿತೆಂದು ಕೇಳಿದಾಗ ಬಾಯಿ ತೆರೆದವಳು ಅಮ್ಮ.

"ಆ ಚೀನಾದವಳು ಕಟ್ಟಿದ್ದು. ಅವಳ ಹತ್ರ ಹೇಳಿತ್ತು, ಬಿಗಿ ಮಾಡ್ಬೇಡ ಅಂತ. ಕೇಳ್ಬೇಕಲ್ಲ?"

ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಕಣ್ಣು ಮುಚ್ಚಿದ. ಲಿನ್ ಆಂಟಿ ಬಾಗಿಲ ಬಳಿ ಪಟ್ಟಿಯನ್ನು ಕೈಗೆ ಸುತ್ತಿಕೊಂಡು ನಿಂತಿದ್ದರು. ಮಾತು ಕನ್ನಡದ್ದು, ಆದರೆ ಬೆರಳು ಯಾರ ಕಡೆ ಇದೆ ಎಂದು ತಿಳಿಯಲು ಭಾಷೆ ಬೇಕಿರಲಿಲ್ಲ. ಸಂಜೀವಣ್ಣ ಅಲ್ಲೇ ಒಂದು ನಗೆಚಟಾಕಿ ಹಾರಿಸಿದರು: "ಚೈನಾ ಮಾಲು ಅಲ್ವಾ ಮಾರಾಯ್ರೆ, ಗ್ಯಾರಂಟಿ ಇಲ್ಲ!" ಅದು ಆಮೇಲೆ ನಮ್ಮವರ ಮದುವೆ ಮುಂಜಿಗಳಲ್ಲೆಲ್ಲ ಓಡಾಡಿತು.

ಮನೆಗೆ ಬಂದ ಮೇಲೆ ಅಮ್ಮ ಲಿನ್ ಆಂಟಿಗೆ ರೂಮು ಖಾಲಿ ಮಾಡಲು ಹೇಳಿದಳು. ಹಾಲಿನಲ್ಲಿ ಸೋಫಾ ಇನ್ನೂ ಗೋಡೆಗೆ ಒತ್ತಿಕೊಂಡೇ ಇತ್ತು. ಅಪ್ಪ ಅದರ ಮೇಲೆ ಕೂತು ಟಿವಿ ಹಾಕಿದ್ದ, ಕಿವಿಯ ಹಿಂದೆ ಬಿಳಿ ಬಣ್ಣ ಉಳಿದಿತ್ತು. ನಾನು ತಡೆಯಲಾರದೆ ಹೇಳಿದೆ. ನನಗೆ ಸಿಟ್ಟು ಬಂದರೆ ಇಂಗ್ಲಿಷು ಬರುತ್ತಿತ್ತು.

"ಬಟ್ ಅಪ್ಪ ಆಸ್ಕ್ಡ್ ಫಾರ್ ಇಟ್! ಶೀ ಸೆಡ್ ನೋ. ಐ ವಾಸ್ ಹೋಲ್ಡಿಂಗ್ ದ ಮಿರರ್!"

"ದೊಡ್ಡವರ ಮಧ್ಯ ಬಾಯಿ ಹಾಕ್ಬೇಡ. ಹೋಗು ಒಳಗೆ," ಎಂದಳು ಅಮ್ಮ.

ಲಿನ್ ಆಂಟಿಗೆ ನನ್ನ ಇಂಗ್ಲಿಷು ಅರ್ಥವಾಗಿತ್ತು. ಅವರು ಅಪ್ಪನನ್ನು ನೋಡುತ್ತಾ ನಿಂತರು. ಅಪ್ಪ ಒಂದು ಮಾತು ಹೇಳಿದರೆ ಸಾಕಿತ್ತು, ಹೌದು ಎನ್ನುವ ಒಂದು ಮಾತು. ಟಿವಿಯ ಮೇಲಿನ ಗೊಂಬೆ, ಟಿವಿಯ ಒಳಗಿನ ಸುದ್ದಿ, ಅಪ್ಪನ ಕಣ್ಣು ಎರಡರ ನಡುವೆ ಎಲ್ಲೋ ಇತ್ತು.

"ಖಲಾಸ್," ಎಂದ ಅಪ್ಪ. "ಆದದ್ದು ಆಯ್ತು. ಖಲಾಸ್."

ಅವರು ಗೊಂಬೆಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡರು. ಎರಡು ದಿನಗಳಲ್ಲಿ ಸೂಟ್‌ಕೇಸು, ಕುಕ್ಕರು, ಅವರು, ಎಲ್ಲ ಹೋಯಿತು. ಹೋಗುವಾಗ "ಅಮ್ಮಾ, ಶುಕ್ರನ್" ಎಂದು ಅಮ್ಮನಿಗೆ ಅರಬ್ಬಿಯಲ್ಲಿ ಥ್ಯಾಂಕ್ಸ್ ಹೇಳಿದರು. ಅಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಆ ದಿನ ಅವಳು ಎರಡೂ ಬರ್ನರು ಹಚ್ಚಿ ಎಡಗಡೆಯದರ ಮೇಲೆ ಸುಮ್ಮನೆ ನೀರು ಕುದಿಸುತ್ತಿದ್ದಳು. ಬಾಲ್ಕನಿಯ ಹಗ್ಗದಲ್ಲಿ ಆ ಕಪ್ಪು ಪಟ್ಟಿ ಉಳಿದುಹೋಗಿತ್ತು. ಅಪ್ಪನ ವಾಂತಿ ತಾಗಿದ್ದ ಅದನ್ನು ಅವರೇ ತೊಳೆದು ಒಣಹಾಕಿದ್ದರು. ಅಮ್ಮ ಅದನ್ನು ಮುಟ್ಟಲಿಲ್ಲ, ಅಪ್ಪ ಬಾಲ್ಕನಿಗೆ ಹೋಗುವುದನ್ನೇ ಬಿಟ್ಟ. ಕೊನೆಗೆ ನಾನು ತೆಗೆದು ಶಾಲೆಯ ಜ್ಯಾಮಿಟ್ರಿ ಬಾಕ್ಸಿನಲ್ಲಿ ಮಡಚಿಟ್ಟುಕೊಂಡೆ. ಅಪ್ಪ ಮತ್ತೆ ಬಣ್ಣ ಹಚ್ಚಲಿಲ್ಲ. ರೂಮಿಗೆ ಪುತ್ತೂರಿನ ಇಬ್ಬರು ಹುಡುಗರು ಬಂದರು, ಅವರಿಗೂ ಗೆಸ್ಟ್ ಎಂದೇ ಹೆಸರು.

ಇಂದು ನಾನು ಏನಾಗಿದ್ದೇನೋ ಅದು ಆ ಜ್ಯಾಮಿಟ್ರಿ ಬಾಕ್ಸಿನಿಂದ ಆದದ್ದು. ಚೀನೀ ಒಪೆರಾವನ್ನೂ ಇವತ್ತಿನ ಇನ್‌ಸ್ಟಲೇಷನ್ ಕಲೆಯನ್ನೂ ಬೆಸೆಯುವ ಕಲಾವಿದೆ ಎಂದು ನನ್ನ ಬಗ್ಗೆ ಬರೆಯುತ್ತಾರೆ. ಉಡುಪಿ ಕಡೆಯವಳಿಗೆ ಇದೆಲ್ಲಿಂದ ಬಂತು ಎಂದು ಕೇಳುತ್ತಾರೆ. ಚೀನಾಕ್ಕೂ ಹೋಗಿ ಒಂದಷ್ಟು ಕಾಲ ಕಲಿತೆ, ಅಲ್ಲಿ ತಲೆ ಕಟ್ಟಿಸಿಕೊಂಡು ನಾನೂ ವಾಂತಿ ಮಾಡಿದೆ. ಲಿನ್ ಆಂಟಿಯ ಜಿಲ್ಲೆ ಯಾವುದೆಂದು ನನಗೆ ಗೊತ್ತಿದ್ದರೆ ಹುಡುಕಬಹುದಿತ್ತು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮು ನನ್ನ ಸ್ಟುಡಿಯೋ. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಮನೆಯಲ್ಲಿ ಅಪ್ಪ ಅಮ್ಮ ನನ್ನ ವೀಸಾದಲ್ಲಿ ನನ್ನೊಂದಿಗೇ ಇದ್ದಾರೆ. ಅಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ರೂಮು, ಒಂದು ರೂಮು ಹೆಚ್ಚಿಗೆಯೂ ಇದೆ. ಅದರ ಬಾಗಿಲು ತೆರೆದಾಗೆಲ್ಲ ನನಗೆ ಮೈ ಹಿಡಿಯಷ್ಟಾಗುತ್ತದೆ.

ಈಚೆಗೆ ದುಬೈಯಲ್ಲಿ ಪ್ರದರ್ಶನಕ್ಕಿಟ್ಟ ಕೃತಿ ಒಂದು ದೊಡ್ಡ ಮುಖ. ಕರ್ಟನ್ ಲೈನಿಂಗಿನ ಬಿಳಿ ಬಟ್ಟೆಯಲ್ಲಿ ಹೊಲಿದದ್ದು, ಗೋಡೆಯಷ್ಟು ಎತ್ತರ. ಹುಬ್ಬಿನಿಂದ ಸೂರಿಗೆ ಒದ್ದೆ ರೇಷ್ಮೆಯ ಪಟ್ಟಿಗಳು. ಬೆಳಿಗ್ಗೆ ನಾನು ಅವಕ್ಕೆ ನೀರು ಚಿಮುಕಿಸುತ್ತೇನೆ, ಕಣ್ಣುಗಳು ಜೋತುಬಿದ್ದಿರುತ್ತವೆ. ಗ್ಯಾಲರಿಯ ಎಸಿಯಲ್ಲಿ ಪಟ್ಟಿಗಳು ಒಣಗುತ್ತಾ ಬಿಗಿಯುತ್ತಾ ಸಂಜೆಯ ಹೊತ್ತಿಗೆ ಆ ಕಣ್ಣುಗಳು ಮೇಲಕ್ಕೇರಿ ಹರೆಯದವಾಗುತ್ತವೆ. ಮುಖದ ಮುಂದೆ ಒಂದು ಪುಟಾಣಿ ಕುರ್ಚಿ, ಒಂದು ಕನ್ನಡಿ, ಒಂದು ಬೋಗುಣಿಯಲ್ಲಿ ಪಟ್ಟಿ. ಇಷ್ಟವಿದ್ದವರು ಕೂತು ತಲೆ ಕಟ್ಟಿಸಿಕೊಳ್ಳಬಹುದು. ಮೊದಲ ದಿನ ಬಾಗಿಲು ತೆರೆಯುವ ಮೊದಲೇ ಅಪ್ಪ ಅಮ್ಮನನ್ನು ಕರೆತಂದಿದ್ದೆ. ಇದೇನು ಎಂದು ಇಬ್ಬರಿಗೂ ಹೇಳಿರಲಿಲ್ಲ. ಹೇಳುವ ಧೈರ್ಯ ನನಗಿರಲಿಲ್ಲ. ಅಪ್ಪ ಊರುಗೋಲು ಹಿಡಿದು ಮುಖದ ಎದುರು ತುಂಬಾ ಹೊತ್ತು ನಿಂತ. ಆಮೇಲೆ ಆ ಕುರ್ಚಿಯಲ್ಲಿ ಕೂತ.

"ಕಟ್ಟು ಮಗಾ," ಎಂದ.

"ಬೇಡ ಅಪ್ಪ. ನಿಮ್ಗೆ ಬಿಪಿ ಉಂಟು."

"ಕಟ್ಟು ಅಂದೆ ನಾನು."

ನಾನು ಸಡಿಲವಾಗಿ ಸುತ್ತಿದೆ, ಕಟ್ಟಿಯೂ ಕಟ್ಟದ ಹಾಗೆ. ಅವನು ಕನ್ನಡಿಯಲ್ಲಿ ತನ್ನ ಎಂಬತ್ತರ ಕಣ್ಣುಗಳನ್ನು ನೋಡಿದ, ಬಿಗಿ ಮಾಡು ಎನ್ನಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆಯಿತು. ಆಹ್ವಾನಿತರು ಒಳಬಂದರು. ಅವರ ನಡುವೆ ಸಂಜೀವಣ್ಣನೂ ಇದ್ದರು, ಮಗನ ತೋಳು ಹಿಡಿದು, ಅದೇ ದೊಡ್ಡ ದನಿಯಲ್ಲಿ.

"ಓಹೋ ವಿಠಲಣ್ಣ! ಪುನಃ ತಲೆ ಕಟ್ಟಿಯಾಯ್ತಾ? ಯಾರು ಕಟ್ಟಿದ್ದು, ಪುನಃ ಚೈನಾ ಮಾಲಾ?"

ಹಳೆಯ ಪರಿಚಯದವರು ನಕ್ಕರು. ನಾನು ಅಪ್ಪನನ್ನು ನೋಡಲಾರದೆ ಬೋಗುಣಿಯ ನೀರು ನೋಡಿದೆ. ಅಪ್ಪ ಊರುಗೋಲು ಊರಿ ಎದ್ದು ನಿಂತ ಸದ್ದು ಕೇಳಿಸಿತು.

"ಸಂಜೀವಣ್ಣ, ಅವತ್ತು ಅವಳು ಬೇಡ ಅಂದಿದ್ಳು. ಬಿಗಿ ಮಾಡಿಸ್ಕೊಂಡವ ನಾನು. ಕೊನೆಗೆ ಜಗ್ಗಿದ್ದೂ ನಾನೇ. ನಿಮ್ಮ ಆ ಹುಡುಗನನ್ನು ನೋಡಿ ನಂಗೆ ಹೊಟ್ಟೆಕಿಚ್ಚಾಯ್ತು."

ನಗು ನಿಂತಿತು. ಸಂಜೀವಣ್ಣ "ಅಯ್ಯೋ, ಅದೆಲ್ಲ ಎಂತಕ್ಕೆ ಈಗ" ಎಂದು ಮಗನ ಕಡೆ ತಿರುಗಿದರು. ಅಮ್ಮ ನನ್ನ ಹಿಂದೆ ನಿಂತಿದ್ದಳು. ಯಾರಿಗೂ ಅಲ್ಲ, ನೆಲಕ್ಕೆ ಹೇಳುವವಳ ಹಾಗೆ ಹೇಳಿದಳು.

"ನಂಗೆ ಗೊತ್ತಿತ್ತು. ಅಷ್ಟು ಜನರ ಎದುರು ಇವರ ಮರ್ಯಾದೆ ಹೋಗಿತ್ತು. ಅವಳಿಗಾದ್ರೆ ಅಲ್ಲಿ ಯಾ‌ರೂ ಇರ್ಲಿಲ್ಲ. ಹಾಗೆ ಅವಳ ತಲೆಗೆ ಕಟ್ಟಿದೆ."

ಮೂವರಿಗೂ ಗೊತ್ತಿದ್ದ ಸತ್ಯವನ್ನು ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ ಉಣ್ಣುತ್ತಾ ಇಟ್ಟುಕೊಂಡಿದ್ದೆವು. ನನಗೆ ಅವರಿಬ್ಬರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ, ಅವರದೂ ನನ್ನದೂ ಎಂದು ಬೇರೆ ಮಾಡಲಾಗದ ನಾಚಿಕೆ. ಅಪ್ಪ ಪಟ್ಟಿಯನ್ನು ಬಿಚ್ಚಲು ಬಿಡಲಿಲ್ಲ. ಗೋಡೆಯ ಮೇಲಿನ ಬಿಳಿ ಫಲಕದ ಬಳಿಗೆ ಹೋಗಿ, ಕನ್ನಡಕ ಏರಿಸಿ, ಅದರಲ್ಲಿದ್ದ ನನ್ನ ಹೆಸರನ್ನು, ಕೃತಿಯ ಹೆಸರನ್ನು ಓದಿದ.

"ಇದರಲ್ಲಿ ಅವಳ ಹೆಸರು ಎಲ್ಲಿ? ಮೊದಲು ಅವಳ ಹೆಸರು ಬರಿ."

ಗ್ಯಾಲರಿಯ ಹುಡುಗಿ, ಪಾಪ, ಕೂಡಲೇ ಲ್ಯಾಪ್‌ಟಾಪ್ ತೆರೆದಳು. ಹೊಸ ಫಲಕವನ್ನು ಈಗಲೇ ಪ್ರಿಂಟ್ ಮಾಡಿ ಹಾಕುತ್ತೇನೆ, ಪೂರ್ತಿ ಹೆಸರು ಹೇಳಿ ಎಂದಳು. ನಾನು ಲಿನ್ ಎಂದೆ. ಲಿನ್ ಏನು, ಎಂದು ಕೇಳಿದಳು. ನಾನು ಅಪ್ಪನನ್ನು ನೋಡಿದೆ. ಅಪ್ಪ ಅಮ್ಮನನ್ನು ನೋಡಿದ. ಅಮ್ಮ, ಶುಕ್ರವಾರ ಶುಕ್ರವಾರ ಆ ತಲೆಗೆ ಎಣ್ಣೆ ಹಚ್ಚಿದವಳು, "ನಾವು ಕೇಳ್ಲೇ ಇಲ್ಲ" ಎಂದಳು. ಹುಡುಗಿ ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು.